ಬಾಡಿಗೆದಾರರೇ ಒಡೆಯರಾದ ಊರು

(ಗಿರಣಿ ಕಾರ್ಮಿಕರ ಅಧ್ಯಯನ ವರ್ಗದಲ್ಲಿ, ಪೇಟೆಯ ಸಣ್ಣ ವ್ಯಾಪಾರಿಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹೋದ ಸಭೆ ಮುಗಿದ ಮೇಲೆ ಚಾಳಿನ ಹಿರಿಯರೊಬ್ಬರು ನಮ್ಮನ್ನು ಬಾಗಿಲಲ್ಲೇ ತಡೆದು ಒಂದು ಮಾತು ಕೇಳಿದರು. "ಮೇಷ್ಟ್ರೇ, ನಾವಿರೋ ಮನೆಗಳನ್ನ ಮಾಲೀಕರು ಮಾರ್ತಾರಂತೆ. ಒಬ್ಬೊಬ್ಬರನ್ನೇ ಕರೆದು ಮಾತಾಡ್ತಿದಾರೆ. ಕೊಳ್ಳೋಕೆ ನಮ್ಮ ಕೈಲಿ ದುಡ್ಡಿಲ್ಲ, ಬಿಟ್ಟು ಹೋಗೋಕೆ ಜಾಗ ಇಲ್ಲ. ಬಾಡಿಗೆಯವರೇ ಸೇರಿಕೊಂಡು ಒಂದು ಊರನ್ನೇ ಕೊಂಡದ್ದು ಲೋಕದಲ್ಲಿ ಎಲ್ಲಾದರೂ ಉಂಟಾ?"

ಆ ದಿನ ನಾವು ಸರಿಯಾದ ಉತ್ತರ ಕೊಡಲಿಲ್ಲ. ಮನೆಗೆ ಹೋಗಿ ಹಳೆಯ ಟಿಪ್ಪಣಿಗಳನ್ನು ತೆಗೆದು ನೋಡಿದೆವು. ಇವತ್ತು ಉತ್ತರ ತಂದಿದ್ದೇವೆ. ಉಂಟು. ಅದೂ ಎಲ್ಲಿ? ಬಂಡವಾಳಶಾಹಿಯ ತವರುಮನೆಯಾದ ಅಮೆರಿಕದಲ್ಲಿ, ಅದರ ರಾಜಧಾನಿ ವಾಷಿಂಗ್ಟನ್ನಿನಿಂದ ಸುಮಾರು 12 ಮೈಲಿ ದೂರದಲ್ಲಿ. ಮೇರಿಲ್ಯಾಂಡ್ ರಾಜ್ಯಕ್ಕೆ ಸೇರಿದ ಆ ಊರಿನ ಹೆಸರು ಗ್ರೀನ್‌ಬೆಲ್ಟ್. ಊರಿನ ಸುತ್ತ ಒಡ್ಯಾಣದ ಹಾಗೆ ಕಾಡು, ತೋಟ ಇರಬೇಕೆಂದು ಕಟ್ಟಿದವರು ಬಯಸಿದ್ದರಿಂದ ಆ ಹೆಸರು ಬಂತು.

ಅದನ್ನು ಹೊಗಳಿ ನಿಮ್ಮನ್ನು ರಂಜಿಸುವುದಕ್ಕೆ ನಾವು ಇಲ್ಲಿ ನಿಂತಿಲ್ಲ. ಆ ಊರಿನಲ್ಲಿ ಕಲಿಯುವಂಥದು ಬಹಳ ಇದೆ, ನಾಚಿಕೆಪಡುವಂಥದೂ ಇದೆ. ಎರಡನ್ನೂ ಹೇಳುತ್ತೇವೆ.

ಮೊದಲು ಆ ಊರು ಹುಟ್ಟಿದ ಕಾಲ. 1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಬ್ಯಾಂಕುಗಳು ಮುಳುಗಿದವು, ಕಾರ್ಖಾನೆಗಳು ಬಾಗಿಲು ಹಾಕಿದವು. 1933ರ ಹೊತ್ತಿಗೆ ಆ ದೇಶದ ದುಡಿಯುವ ಜನರಲ್ಲಿ ನಾಲ್ವರಿಗೊಬ್ಬರಂತೆ ಕೆಲಸವಿಲ್ಲದೆ ಬೀದಿಗೆ ಬಿದ್ದಿದ್ದರು. ಗೋದಾಮುಗಳಲ್ಲಿ ಗೋದಿ, ಬೀದಿಯಲ್ಲಿ ಹಸಿವು; ಇಟ್ಟಿಗೆ ಗೂಡುಗಳಲ್ಲಿ ಇಟ್ಟಿಗೆ, ಜನಕ್ಕೆ ತಲೆಯ ಮೇಲೆ ಸೂರಿಲ್ಲ. ಲಾಭಕ್ಕೋಸ್ಕರವೇ ನಡೆಯುವ ವ್ಯವಸ್ಥೆ ಲಾಭ ನಿಂತ ದಿನ ಹೇಗೆ ಕೈಚೆಲ್ಲುತ್ತದೆಂಬುದನ್ನು ಗಿರಣಿಯ ಬಾಗಿಲು ಮುಚ್ಚಿದ್ದನ್ನು ಕಂಡವರಿಗೆ ನಾವು ವಿವರಿಸಬೇಕಾಗಿಲ್ಲ.

ಅಧ್ಯಕ್ಷ ರೂಸ್ವೆಲ್ಟರು ಸಮಾಜವಾದಿಗಳಲ್ಲ. ಆದರೆ ಸರಕಾರ ಕೈಕಟ್ಟಿ ಕೂತರೆ ದೇಶ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಾಗಿತ್ತು. 1935ರಲ್ಲಿ ಅವರು ಪುನರ್ವಸತಿ ಇಲಾಖೆಯೊಂದನ್ನು ಸ್ಥಾಪಿಸಿ, ರೆಕ್ಸ್‌ಫರ್ಡ್ ಟಗ್‌ವೆಲ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿದರು. ಟಗ್‌ವೆಲ್ಲರ ಯೋಚನೆ ಸರಳ. ಕೊಳಕು ಕೇರಿಗಳಲ್ಲಿ ಕೊಳೆಯುತ್ತಿರುವ ಸಂಸಾರಗಳಿಗೆ ನಗರದ ಹೊರಗೆ ಅಗ್ಗದ ಜಮೀನು ಕೊಂಡು ಹೊಸ ಊರುಗಳನ್ನೇ ಕಟ್ಟಬೇಕು. ಕಟ್ಟುವ ಕೆಲಸ ನಿರುದ್ಯೋಗಿಗಳಿಗೆ ಕೊಡಬೇಕು. ಒಂದೇ ಕಲ್ಲಿಗೆ ಎರಡು ಹಣ್ಣು. ಇಂಗ್ಲೆಂಡಿನ ಎಬೆನೀಜರ್ ಹೋವರ್ಡ್ ಎಂಬಾತ 1898ರಲ್ಲೇ ಉದ್ಯಾನನಗರಗಳ ಯೋಜನೆಯನ್ನು ಬರೆದಿಟ್ಟಿದ್ದ. ನೆಲ ಸಮುದಾಯದ್ದಾಗಿರಬೇಕು, ಊರಿನ ಸುತ್ತ ಹಸಿರಿರಬೇಕು ಎಂಬುದು ಅವನ ತತ್ವ. ಟಗ್‌ವೆಲ್ ಅದನ್ನೇ ಮುಂದಿಟ್ಟುಕೊಂಡರು.

ಇಂಥ ಊರುಗಳು ದೇಶದ ತುಂಬ ಏಳಬೇಕೆಂಬುದು ಕನಸು. ಕೆಲಸ ಹಿಡಿದದ್ದು ನಾಲ್ಕು, ಕಟ್ಟಿ ಮುಗಿಸಿದ್ದು ಮೂರು: ಮೇರಿಲ್ಯಾಂಡಿನ ಗ್ರೀನ್‌ಬೆಲ್ಟ್, ಒಹಾಯೋದ ಗ್ರೀನ್‌ಹಿಲ್ಸ್, ವಿಸ್ಕಾನ್ಸಿನ್ನಿನ ಗ್ರೀನ್‌ಡೇಲ್. ನ್ಯೂಜೆರ್ಸಿಯ ನಾಲ್ಕನೆಯ ಊರನ್ನು ಅಲ್ಲಿಯವರು 1936ರಲ್ಲಿ ನ್ಯಾಯಾಲಯಕ್ಕೆ ಎಳೆದು ನಿಲ್ಲಿಸಿಬಿಟ್ಟರು. ಪತ್ರಿಕೆಗಳು ಟಗ್‌ವೆಲ್ಲರನ್ನು ಕಮ್ಯುನಿಸ್ಟನೆಂದು ಬೈದವು. ಬಡವನಿಗೆ ಗಾಳಿ ಬೆಳಕಿನ ಮನೆ ಕೊಟ್ಟರೆ ಸಾಕು, ಕೊಟ್ಟವನ ಮೇಲೆ ಕೆಂಪು ಬಣ್ಣ ಎರಚುತ್ತಾರೆ. ಆ ಆಟ ಎಲ್ಲ ದೇಶಕ್ಕೂ ಒಂದೇ.

1935ರ ಅಕ್ಟೋಬರಿನಲ್ಲಿ ಗ್ರೀನ್‌ಬೆಲ್ಟಿನ ಕೆಲಸ ಶುರುವಾಯಿತು. ವಾಷಿಂಗ್ಟನ್ನಿನಿಂದ ದಿನವೂ ನಿರುದ್ಯೋಗಿಗಳನ್ನು ಕರೆತಂದು ಕೂಲಿ ಕೊಟ್ಟರು. ಹೆಚ್ಚು ಜನಕ್ಕೆ ಕೆಲಸ ಸಿಗಲೆಂದು ಯಂತ್ರ ಕಡಿಮೆ, ಗುದ್ದಲಿ ಹೆಚ್ಚು. ಊರಿನ ಪಕ್ಕದ 23 ಎಕರೆಯ ಕೆರೆಯನ್ನೂ ಆ ಕೂಲಿಗಳೇ ಮಾಡಿದರು. ಎರಡು ವರ್ಷದಲ್ಲಿ 885 ಮನೆ ಎದ್ದವು: 574 ಸಾಲುಮನೆ, ಅಪಾರ್ಟ್‌ಮೆಂಟ್ ಕಟ್ಟಡಗಳಲ್ಲಿ 306 ವಸತಿ, ಪ್ರಯೋಗಕ್ಕೆಂದು ಮಾಡಿದ 5 ಮನೆ. ಅರ್ಧಚಂದ್ರಾಕಾರದ ದಿಣ್ಣೆಯ ಮೇಲೆ ಮನೆಗಳು, ಮಧ್ಯದ ತಗ್ಗಿನಲ್ಲಿ ಅಂಗಡಿ, ಶಾಲೆ, ಸಿನಿಮಾ ಮಂದಿರ, ಈಜುಕೊಳ. ಪ್ರತಿ ಮನೆಯ ಒಂದು ಮುಖ ಗಾಡಿ ಬರುವ ರಸ್ತೆಗೆ, ಇನ್ನೊಂದು ಮುಖ ಹುಲ್ಲು ಮರಗಳಿರುವ ಬಯಲಿಗೆ. ಆ ಬಯಲಿನಲ್ಲಿ ಕಾಲುದಾರಿ. ಮುಖ್ಯ ರಸ್ತೆ ಅಡ್ಡಬಂದ ಕಡೆ ನೆಲದಡಿಯಲ್ಲಿ ದಾರಿ. ಮಕ್ಕಳು ಮನೆಯಿಂದ ಶಾಲೆಗೆ ಮೋಟಾರು ಓಡುವ ರಸ್ತೆಯನ್ನು ದಾಟದೆಯೇ ಹೋಗಬಹುದು. ಗಿರಣಿ ಲಾರಿಗಳ ನಡುವೆ ಮಕ್ಕಳನ್ನು ಶಾಲೆಗೆ ಕಳಿಸಿ ಸಂಜೆಯವರೆಗೂ ಎದೆ ಹಿಡಿದುಕೊಂಡಿರುವ ತಾಯಂದಿರಿಗೆ ಇದರ ಬೆಲೆ ಗೊತ್ತು.

ಶಾಲೆಯ ಮಾತನ್ನು ಒಂದಿಷ್ಟು ಹೆಚ್ಚು ಹೇಳುತ್ತೇವೆ. ನಾವು ಸೀಮೆಸುಣ್ಣ ಹಿಡಿದು ಬದುಕಿದವರು. ಆ ಶಾಲೆ ಹಗಲು ಮಕ್ಕಳದು, ಸಂಜೆ ದೊಡ್ಡವರದು. ಸಭೆ, ನಾಟಕ, ಪುಸ್ತಕ, ಪ್ರಾರ್ಥನೆ ಎಲ್ಲಕ್ಕೂ ಅದೇ ಕಟ್ಟಡ. ಗೋಡೆಯ ಮೇಲೆ ಲೆನೋರ್ ಥಾಮಸ್ ಎಂಬ ಶಿಲ್ಪಿ ಅಮೆರಿಕದ ಸಂವಿಧಾನದ ಪೀಠಿಕೆಯನ್ನು ಕಲ್ಲಿನಲ್ಲಿ ಕೆತ್ತಿದರು. ರಾಜರಾಣಿಯರ ಚಿತ್ರವಲ್ಲ, ದುಡಿಯುವ ಜನರ ಚಿತ್ರ. ಸರಕಾರಿ ಶಾಲೆಯ ಕಟ್ಟಡಕ್ಕೆ ಸಂಜೆ ಐದಕ್ಕೆ ಬೀಗ ಜಡಿದು, ಪಕ್ಕದಲ್ಲೇ ಜನ ಬೀದಿದೀಪದ ಕೆಳಗೆ ಸಭೆ ಮಾಡುವುದನ್ನು ನಾವು ಎಷ್ಟು ಸಲ ನೋಡಿಲ್ಲ!

1937ರ ಸೆಪ್ಟೆಂಬರ್ ಕೊನೆಗೆ ಮೊದಲ ಸಂಸಾರಗಳು ಬಂದವು. 885 ಮನೆಗೆ 5,000ಕ್ಕೂ ಮೀರಿ ಅರ್ಜಿ. ಬಾಡಿಗೆ ತಿಂಗಳಿಗೆ ಸರಾಸರಿ 31 ಡಾಲರಿನ ಆಸುಪಾಸು. ವರ್ಷದ ಸಂಪಾದನೆ 800 ಡಾಲರಿಗಿಂತ ಕಡಿಮೆ ಇರಕೂಡದು, 2,200 ಡಾಲರಿಗಿಂತ ಹೆಚ್ಚಿರಕೂಡದು. ಬಂದವರಲ್ಲಿ ಬಹುಪಾಲು ವಾಷಿಂಗ್ಟನ್ನಿನ ಸರಕಾರಿ ಕಛೇರಿಗಳ ಗುಮಾಸ್ತರು, ಸಣ್ಣ ನೌಕರರು. ಹೆಚ್ಚಿನವರು ಸಣ್ಣ ವಯಸ್ಸಿನ ದಂಪತಿಗಳು. ಒಬ್ಬರಿಗೊಬ್ಬರು ಪರಿಚಯವಿಲ್ಲ. ಊರಿಗೆ ಅಜ್ಜ ಮುತ್ತಜ್ಜರ ನೆನಪಿಲ್ಲ, ಜಾತ್ರೆಯಿಲ್ಲ, ಗೌಡ ಶಾನುಭೋಗರಿಲ್ಲ. ಅಂಥ ಕಡೆ ಜನ ಊರಾಗಿ ಕೂಡಿದ್ದು ಹೇಗೆ?

ಸಂಘ ಕಟ್ಟಿ ಕೂಡಿದರು. ಬಂದ ಎರಡೇ ತಿಂಗಳೊಳಗೆ, 1937ರ ನವೆಂಬರ್ 24ರಂದು, ತಮ್ಮದೇ ವಾರಪತ್ರಿಕೆ ಹೊರಡಿಸಿದರು. ಹೆಸರು 'ಗ್ರೀನ್‌ಬೆಲ್ಟ್ ಕೋಆಪರೇಟರ್', ಅಂದರೆ ಸಹಕಾರಿ. ಅದೇ ಡಿಸೆಂಬರಿನಲ್ಲಿ ಸಾಲದ ಸಹಕಾರ ಸಂಘ. ಮರುವರ್ಷ ಆರೋಗ್ಯ ಸಂಘ: ಸಂಸಾರಕ್ಕಿಷ್ಟೆಂದು ತಿಂಗಳ ವಂತಿಗೆ ಕೊಟ್ಟರೆ ಸಂಘವೇ ವೈದ್ಯರನ್ನು ನೇಮಿಸಿ ನೋಡಿಕೊಳ್ಳುತ್ತಿತ್ತು. ಯುದ್ಧಕಾಲದಲ್ಲಿ ತಾಯಂದಿರು ಸೇರಿ ಶಿಶುವಿಹಾರ ನಡೆಸಿದರು. ಆರಂಭದ ವರ್ಷಗಳಲ್ಲಿ ಸಭೆಗಳ ಕಾಟ ಎಷ್ಟಾಯಿತೆಂದರೆ, ಜನ ನಾಲ್ಕು ದಿನ ಮನೆಯಲ್ಲಿ ಹೆಂಡತಿ ಮಕ್ಕಳ ಮುಖ ನೋಡಲೆಂದು ಕ್ರಿಸ್‌ಮಸ್ ಸಮಯದಲ್ಲಿ ಸಭೆಗಳಿಗೇ ರಜೆ ಸಾರಬೇಕಾಯಿತು! ಸಭೆಗೆ ಬನ್ನಿ ಬನ್ನಿ ಎಂದು ಮನೆಮನೆ ತಿರುಗುವ ನಮಗೆ ಇದನ್ನು ಓದಿದಾಗ ಹೊಟ್ಟೆಕಿಚ್ಚಾಯಿತು.

ಈಗ ಅಂಗಡಿಯ ವಿಷಯ. ಪೇಟೆಯ ಮಿತ್ರರು ಕಿವಿಗೊಟ್ಟು ಕೇಳಬೇಕು.

ಗ್ರೀನ್‌ಬೆಲ್ಟಿನ ಕಿರಾಣಿ ಅಂಗಡಿ, ಔಷಧದ ಅಂಗಡಿ, ಪೆಟ್ರೋಲ್ ಬಂಕು, ಕ್ಷೌರದಂಗಡಿ, 1938ರಲ್ಲಿ ತೆರೆದ ಸಿನಿಮಾ ಮಂದಿರ, ಎಲ್ಲವೂ ಒಂದೇ ಸಹಕಾರಿ ಸಂಸ್ಥೆಯ ಕೈಯಲ್ಲಿದ್ದವು. ಮೊದಲ ಬಂಡವಾಳ ಸಾಲವಾಗಿ ಬಂದದ್ದು ಬಾಸ್ಟನ್ನಿನ ದೊಡ್ಡ ಬಟ್ಟೆ ವ್ಯಾಪಾರಿ ಎಡ್ವರ್ಡ್ ಫೈಲೀನ್ ಸ್ಥಾಪಿಸಿದ್ದ ಸಂಸ್ಥೆಯಿಂದ. ಆತನಿಗೆ ಸಹಕಾರದ ಹುಚ್ಚು ಹತ್ತಿದ್ದು ಎಲ್ಲಿ ಗೊತ್ತೇ? ನಮ್ಮ ದೇಶದಲ್ಲಿ. 1907ರಲ್ಲಿ ಲೋಕಸಂಚಾರಕ್ಕೆ ಬಂದಾಗ ಬಂಗಾಳದ ಕಡೆಯ ಹಳ್ಳಿಗಳಲ್ಲಿ ರೈತರ ಸಹಕಾರಿ ಸಾಲ ಸಂಘಗಳು ನಡೆಯುವುದನ್ನು ಆತ ಕಂಡ. ಅಡವಿಡಲು ಏನೂ ಇಲ್ಲದ ಬಡವರು ಒಬ್ಬರಿಗೊಬ್ಬರು ಜಾಮೀನು ನಿಂತು ಲೇವಾದೇವಿಯವನ ಕೈಯಿಂದ ಪಾರಾಗುವ ಉಪಾಯ ಅದು. ಅಮೆರಿಕಕ್ಕೆ ಹಿಂತಿರುಗಿ ಅಂಥ ಸಂಘಗಳಿಗಾಗಿ ದುಡಿದ. ಅದಕ್ಕೆ ಎರಡು ವರ್ಷ ಮುಂಚೆ, 1905ರಲ್ಲಿ, ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಶಿದ್ದನಗೌಡ ಪಾಟೀಲರು ಅಂಥದೇ ಸಂಘವನ್ನು ಕಟ್ಟಿದ್ದರೆಂಬುದನ್ನು ನಾವು ಮರೆಯಬಾರದು. ಸಹಕಾರವನ್ನು ಅಮೆರಿಕದಿಂದ ಕಡ ತರಬೇಕಾದ ಗತಿ ನಮಗಿಲ್ಲ. ಅವರೇ ಇಲ್ಲಿಂದ ಒಂದು ಹಿಡಿ ಬೀಜ ಒಯ್ದರು.

ಅಂಗಡಿಯ ನಿಯಮಗಳೋ, ನಿಮ್ಮಂಥ ಗಿರಣಿ ಜನ ಮಾಡಿದವು. 1844ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಜವಳಿ ಊರಿನಲ್ಲಿ 28 ಜನ, ಅವರಲ್ಲಿ ಅನೇಕರು ನೇಕಾರರು, ತಲೆಗೆ ಒಂದು ಪೌಂಡಿನಂತೆ ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆಯ ಪುಟ್ಟ ಅಂಗಡಿ ತೆರೆದರು. ಷೇರು ಎಷ್ಟೇ ಇರಲಿ, ತಲೆಗೆ ಒಂದೇ ಓಟು. ಬಂಡವಾಳಕ್ಕೆ ಮಿತವಾದ ಬಡ್ಡಿ. ಉದ್ರಿ ಇಲ್ಲ, ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ. ವರ್ಷದ ಕೊನೆಗೆ ಉಳಿದ ಲಾಭವನ್ನು ಯಾರು ಎಷ್ಟು ಸಾಮಾನು ಕೊಂಡರೋ ಅಷ್ಟರ ಮೇಲೆ ಹಂಚುವುದು. ಗ್ರೀನ್‌ಬೆಲ್ಟಿನವರೂ ಹೀಗೇ ಮಾಡಿದರು. 10 ಡಾಲರಿನ ಷೇರುಗಳನ್ನು ಕೊಂಡು ಕೊಂಡು, 1940ರಲ್ಲಿ ಅಂಗಡಿಗಳನ್ನು ತಮ್ಮ ಸ್ವಂತಕ್ಕೆ ವಹಿಸಿಕೊಂಡರು.

"ಹಾಗಾದರೆ ನಮ್ಮ ಅಂಗಡಿಗಳಿಗೆ ಬೀಗವೇ?" ಎಂದು ಹಿಂದಿನ ಸಾಲಿನಲ್ಲಿ ಕೂತ ಮಿತ್ರರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗ್ರೀನ್‌ಬೆಲ್ಟನ್ನು ಕಟ್ಟಿದ್ದು ಬಯಲಿನಲ್ಲಿ, ಹೊಲಕಾಡಿನಲ್ಲಿ. ಆ ನಡುವೂರಿನಲ್ಲಿ ಯಾರ ಅಂಗಡಿಯನ್ನೂ ಎಬ್ಬಿಸಬೇಕಾಗಲಿಲ್ಲ. ಆದರೆ ಇಡೀ ಊರಿಗೆ ಒಂದೇ ಸಂಸ್ಥೆ ಎಂದಮೇಲೆ ಗೊಣಗಾಟವೂ ಇತ್ತು. ಸಣ್ಣ ವ್ಯಾಪಾರಿಯ ನಿಜವಾದ ವೈರಿ ಬಡವರ ಸಂಘವಲ್ಲ. ಮುಂದೆ ಹೆದ್ದಾರಿಗಳ ಪಕ್ಕದಲ್ಲಿ ದೊಡ್ಡ ದೊಡ್ಡ ಮಳಿಗೆಗಳು ಎದ್ದಾಗ ಆ ಸಹಕಾರಿ ಅಂಗಡಿಯೂ ಮೂಲೆಯ ಕಿರಾಣಿಯವನೂ ಒಂದೇ ದೋಣಿಯಲ್ಲಿ ಕೂತರು. ಸಗಟು ಸರಕಿನ ದರವನ್ನು ಮುಷ್ಟಿಯಲ್ಲಿ ಹಿಡಿದವನು ಇಬ್ಬರನ್ನೂ ಹಿಂಡುತ್ತಾನೆ. ಕಾರ್ಮಿಕರು ಕೂಡಿ ಚಿಲ್ಲರೆ ಕೊಳ್ಳುವ ಹಾಗೆ, ಇಪ್ಪತ್ತು ಸಣ್ಣ ಅಂಗಡಿಯವರು ಕೂಡಿ ಸಗಟು ಕೊಳ್ಳಬಾರದೆಂದು ಯಾವ ಕಾನೂನಿದೆ?

ಆ ಸಂಸ್ಥೆಯ ಕಥೆಯಲ್ಲಿ ಇನ್ನೊಂದು ಪಾಠವಿದೆ. ಅದು ಬೆಳೆಯಿತು. ಊರು ದಾಟಿ ಬೇರೆ ಪಟ್ಟಣಗಳಲ್ಲಿ ದೊಡ್ಡ ಅಂಗಡಿಗಳನ್ನು ತೆರೆಯಿತು, ಪೀಠೋಪಕರಣಗಳ ವ್ಯಾಪಾರಕ್ಕೂ ಇಳಿಯಿತು. ಬೆಳೆದಷ್ಟೂ ಸದಸ್ಯನಿಂದ ದೂರವಾಯಿತು. ಕೊನೆಗೆ ನಷ್ಟಕ್ಕೆ ಸಿಕ್ಕಿ ಕಿರಾಣಿ ವ್ಯಾಪಾರವನ್ನೇ ಕೈಬಿಟ್ಟಿತು. ಆಗ ಗ್ರೀನ್‌ಬೆಲ್ಟಿನ ಜನ ಮತ್ತೆ ತಮ್ಮತಮ್ಮಲ್ಲೇ ಹಣ ಕೂಡಿಸಿ, 1984ರಲ್ಲಿ ತಮ್ಮ ಊರಿನ ಆ ಒಂದು ಅಂಗಡಿಯನ್ನು ಹೊಸ ಸಹಕಾರ ಸಂಘದ ಹೆಸರಿನಲ್ಲಿ ಕೊಂಡುಕೊಂಡರು. ಸಂಘ ದೊಡ್ಡದಾಯಿತೆಂದು ಹಿಗ್ಗಬಾರದು. ಅದರ ಲೆಕ್ಕದ ಪುಸ್ತಕ ಸದಸ್ಯನ ಕೈಗೆ ಎಟುಕುವಷ್ಟು ಹತ್ತಿರ ಇದೆಯೇ ಎಂದು ನೋಡಬೇಕು.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇವೆ. ಮನೆಗಳ ಒಡೆತನ.

ಗ್ರೀನ್‌ಬೆಲ್ಟಿನ ಮನೆಗಳು ಸರಕಾರದವು, ಜನ ಬಾಡಿಗೆದಾರರು. ಯುದ್ಧಕಾಲದಲ್ಲಿ ಸರಕಾರ ಇನ್ನೂ 1,000 ಮನೆಗಳನ್ನು ಮರದ ಚೌಕಟ್ಟಿನಲ್ಲಿ ಅವಸರವಾಗಿ ಕಟ್ಟಿಸಿತು. ಯುದ್ಧ ಮುಗಿದ ಮೇಲೆ ಅಮೆರಿಕದ ಸಂಸತ್ತು ಸರಕಾರಕ್ಕೆ ಮನೆಯೊಡೆಯನ ಕೆಲಸ ಬೇಡವೆಂದು ತೀರ್ಮಾನಿಸಿತು. ಇಡೀ ಊರು ಮಾರಾಟಕ್ಕೆ ಬಂತು. ಊಹಿಸಿ ನೋಡಿ: ಹತ್ತು ಹದಿನೈದು ವರ್ಷ ಬಾಳಿದ ಮನೆ, ನೆಟ್ಟು ಬೆಳೆಸಿದ ಮರ, ಮಕ್ಕಳು ಕಲಿತ ಶಾಲೆ, ಇದನ್ನೆಲ್ಲ ನಾಳೆ ಯಾವ ಜಮೀನು ವ್ಯಾಪಾರಿ ಕೊಳ್ಳುತ್ತಾನೋ ಎಂಬ ಭಯ.

ಜನ ಕಾದು ಕೂರಲಿಲ್ಲ. ಯುದ್ಧದಿಂದ ಮರಳಿದ ಸೈನಿಕರನ್ನು ಮುಂದಿಟ್ಟುಕೊಂಡು ವಸತಿ ಸಹಕಾರ ಸಂಘ ಕಟ್ಟಿದರು. ವಾಷಿಂಗ್ಟನ್ನಿಗೆ ನಿಯೋಗ ಕಳಿಸಿ, ಬಿಡಿ ಹರಾಜಿಗೆ ಬದಲು ಅಲ್ಲಿರುವ ಜನರ ಸಂಘದೊಡನೆ ಮಾತುಕತೆಯಿಂದಲೇ ಮಾರಬೇಕೆಂದು ಒತ್ತಾಯ ಹೇರಿದರು. 1949ರಲ್ಲಿ ಅದಕ್ಕೆ ಅವಕಾಶ ಕೊಡುವ ಕಾನೂನಾಯಿತು. 1952ರ ಡಿಸೆಂಬರಿನಲ್ಲಿ ಸಂಘ ಸುಮಾರು 63 ಲಕ್ಷ ಡಾಲರಿಗೆ 1,580 ಮನೆಗಳನ್ನು ಕೊಂಡಿತು. ಒಬ್ಬ ಗುಮಾಸ್ತನ ಕೈಲಾಗದ್ದನ್ನು ಸಾವಿರಾರು ಗುಮಾಸ್ತರು ಕೂಡಿ ಮಾಡಿದರು. ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ.

ಆ ಒಡೆತನ ನಡೆಯುವ ರೀತಿಯನ್ನು ಲಕ್ಷ್ಯವಿಟ್ಟು ಕೇಳಿ. ನೆಲ, ಗೋಡೆ, ಸೂರು ಸಂಘದ ಆಸ್ತಿ. ಸದಸ್ಯನಿಗೆ ತನ್ನ ಮನೆಯಲ್ಲಿ ಖಾಯಮ್ಮಾಗಿ ಬಾಳುವ ಹಕ್ಕು, ಬರಹದ ಕರಾರಿನೊಂದಿಗೆ. ತಿಂಗಳಿಗೊಂದು ವಂತಿಗೆ: ಅದರಲ್ಲಿ ಸಾಲದ ಕಂತಿನ ಪಾಲು, ತೆರಿಗೆ, ವಿಮೆ, ದುರಸ್ತಿ, ಮುಂದಿನ ದುರಸ್ತಿಗೆ ಕೂಡಿಡುವ ನಿಧಿ ಎಲ್ಲ ಸೇರಿತು. ಸೂರು ಸೋರಿದರೆ ಮಾಲೀಕನ ಕಾಲು ಹಿಡಿಯಬೇಕಿಲ್ಲ. ಸಂಘದ ಕಛೇರಿಗೆ ಹೋಗಿ ಕೇಳಬಹುದು. ಆಡಳಿತ ಮಂಡಳಿಯನ್ನು ಸದಸ್ಯರೇ ಓಟು ಹಾಕಿ ಆರಿಸುತ್ತಾರೆ. ಬಿಟ್ಟುಹೋಗುವವನು ತನ್ನ ಹಕ್ಕನ್ನು ಬೇರೆಯವರಿಗೆ ಮಾರಬಹುದು. 1957ರಿಂದ ಆ ಸಂಘದ ಹೆಸರು ಗ್ರೀನ್‌ಬೆಲ್ಟ್ ಹೋಮ್ಸ್. ಸುಮಾರು 1,600 ಮನೆಗಳೊಂದಿಗೆ ಅದು ಇಂದಿಗೂ ನಡೆಯುತ್ತಿದೆ. ಆದರೆ ವಿಸ್ಕಾನ್ಸಿನ್ನಿನ ಗ್ರೀನ್‌ಡೇಲಿನಲ್ಲಿ ಮನೆಗಳು ಬಿಡಿಬಿಡಿಯಾಗಿ ಒಬ್ಬೊಬ್ಬರಿಗೆ ಮಾರಾಟವಾದವು. ಒಂದೇ ತಾಯಿಯ ಮಕ್ಕಳು, ದಾರಿ ಬೇರೆಬೇರೆಯಾಯಿತು.

ಜಯ ಪೂರ್ತಿಯಾಗಿರಲಿಲ್ಲ. ಮನೆಗಳ ಜೊತೆ ಕೊಂಡ ಖಾಲಿ ಜಮೀನನ್ನು ಸಂಘಕ್ಕೆ ಉಳಿಸಿಕೊಳ್ಳಲಾಗಲಿಲ್ಲ. ಅದರ ಬಹುಭಾಗ ಜಮೀನು ವ್ಯಾಪಾರಿಗಳ ಪಾಲಾಯಿತು. 1954ರಲ್ಲಿ ಬಾಲ್ಟಿಮೋರಿಗೆ ಹೋಗುವ ದೊಡ್ಡ ರಸ್ತೆ, 1964ರಲ್ಲಿ ರಾಜಧಾನಿಯನ್ನು ಸುತ್ತುವ ಹೆದ್ದಾರಿ ಬಂದು ಊರನ್ನು ಸೀಳಿದವು. ಹಸಿರು ಒಡ್ಯಾಣದ ಕೊಂಡಿಗಳು ಒಂದೊಂದಾಗಿ ಕಳಚಿದವು. ಉಳಿದದ್ದನ್ನು ಉಳಿಸಿಕೊಳ್ಳಲು ಜನ ವರ್ಷಗಟ್ಟಲೆ ಹೋರಾಡಿದರು.

ಆ ಹೋರಾಟದಲ್ಲೇ ಪತ್ರಿಕೆಯ ಪ್ರಕರಣ ಬಂತು. ಇದು ನಮ್ಮಂಥ ಬಡಪತ್ರಿಕೆಗಳಿಗೆಲ್ಲ ಸಂಬಂಧಪಟ್ಟದ್ದು. 'ಕೋಆಪರೇಟರ್' 1954ರಲ್ಲಿ 'ಗ್ರೀನ್‌ಬೆಲ್ಟ್ ನ್ಯೂಸ್ ರಿವ್ಯೂ' ಎಂದು ಹೆಸರು ಬದಲಿಸಿಕೊಂಡಿತ್ತು. 1965ರ ಅಕ್ಟೋಬರಿನಲ್ಲಿ ಚಾರ್ಲ್ಸ್ ಬ್ರೆಸ್ಲರ್ ಎಂಬ ಜಮೀನು ವ್ಯಾಪಾರಿ ನಗರಸಭೆಯೊಡನೆ ವ್ಯವಹಾರಕ್ಕೆ ಕೂತಿದ್ದ. ನಗರಕ್ಕೆ ಶಾಲೆ ಕಟ್ಟಲು ಅವನ ಜಮೀನು ಬೇಕು. ಅವನಿಗೆ ಬೇರೆ ಜಮೀನಿನಲ್ಲಿ ಹೆಚ್ಚು ಮನೆ ಕಟ್ಟಲು ನಿಯಮ ಸಡಿಲಾಗಬೇಕು. ತುಂಬಿದ ಸಭೆಯಲ್ಲಿ ಜನ ಎದ್ದು ನಿಂತು, ಇದು ಬೆದರಿಸಿ ವಸೂಲು ಮಾಡುವ ರೀತಿ ಎಂದರು. ಪತ್ರಿಕೆ ಆ ಮಾತನ್ನು ಇದ್ದಹಾಗೆ ಅಚ್ಚು ಹಾಕಿತು. ಬ್ರೆಸ್ಲರ್ ಮಾನನಷ್ಟದ ದಾವೆ ಹೂಡಿದ. ಮೇರಿಲ್ಯಾಂಡಿನ ನ್ಯಾಯಾಲಯ ಪತ್ರಿಕೆಗೆ 17,500 ಡಾಲರ್ ತೆರುವಂತೆ ವಿಧಿಸಿತು. ಸಂಬಳವಿಲ್ಲದೆ ದುಡಿಯುವ ನೆರೆಹೊರೆಯವರು ನಡೆಸುವ, ಮನೆಮನೆಗೆ ಪುಕ್ಕಟೆ ಹಂಚುವ ಪತ್ರಿಕೆಗೆ ಅದು ಮರಣದಂಡನೆಯೇ ಸರಿ. ಅವರು ಮಣಿಯಲಿಲ್ಲ, ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. 1970ರ ಮೇ ತಿಂಗಳಲ್ಲಿ ತೀರ್ಪು ಪತ್ರಿಕೆಯ ಪರವಾಯಿತು. ಸಾರ್ವಜನಿಕ ಸಭೆಯಲ್ಲಿ ಜನ ಬಿಸಿಯೇರಿ ಆಡಿದ ಮಾತನ್ನು ಯಥಾವತ್ತಾಗಿ ವರದಿ ಮಾಡುವುದು ಅಪರಾಧವಲ್ಲ ಎಂದಿತು. ಒಂದು ಸಣ್ಣ ಊರಿನ ಪುಟ್ಟ ಪತ್ರಿಕೆ ಇಡೀ ಅಮೆರಿಕದ ಪತ್ರಿಕೆಗಳಿಗೆ ಹಕ್ಕು ಗಳಿಸಿಕೊಟ್ಟಿತು.

ಇನ್ನೊಂದು ಪ್ರಕರಣವನ್ನೂ ಹೇಳಬೇಕು. 1953ರಲ್ಲಿ ಅಮೆರಿಕದ ತುಂಬ ಕೆಂಪು ಭೂತದ ಬೇಟೆ ನಡೆದಿತ್ತು. ಅಬ್ರಹಾಂ ಚಾಸನೋ ಎಂಬುವರು ಗ್ರೀನ್‌ಬೆಲ್ಟಿನ ನಿವಾಸಿ, ನೌಕಾಪಡೆಯ ಕಛೇರಿಯಲ್ಲಿ 20 ವರ್ಷಕ್ಕೂ ಮೀರಿ ದುಡಿದವರು. ಹೆಸರಿಲ್ಲದ ಯಾರೋ ಕೊಟ್ಟ ದೂರಿನ ಮೇಲೆ ಅವರನ್ನು ದೇಶಕ್ಕೆ ಅಪಾಯಕಾರಿಯೆಂದು ಕೆಲಸದಿಂದ ನಿಲ್ಲಿಸಿದರು. ದೂರಿದವರು ಯಾರೆಂದು ಹೇಳಲೂ ಇಲ್ಲ. ನೆರೆಹೊರೆಯ ಅನೇಕರು ಅವರ ಪರವಾಗಿ ಪ್ರಮಾಣಪತ್ರ ಬರೆದುಕೊಟ್ಟರು. ಅಂಥ ಸಮಯದಲ್ಲಿ ಸಹಿ ಹಾಕುವುದೆಂದರೆ ತಮ್ಮ ನೌಕರಿಯನ್ನೂ ಪಣಕ್ಕೊಡ್ಡಿದಂತೆ. 1954ರಲ್ಲಿ ನೌಕಾಪಡೆ ತಪ್ಪೊಪ್ಪಿಕೊಂಡು ಅವರನ್ನು ಕೆಲಸಕ್ಕೆ ಹಿಂದೆ ತೆಗೆದುಕೊಂಡಿತು. ಆ ಸುದ್ದಿಯನ್ನು ಬೆಳಕಿಗೆ ತಂದ ಆಂಥೊನಿ ಲೂಯಿಸ್ ಎಂಬ ವರದಿಗಾರನಿಗೆ ಮರುವರ್ಷ ಪುಲಿಟ್ಜರ್ ಬಹುಮಾನ ಬಂತು.

ಬಂಧುಗಳೇ, ಇಲ್ಲಿಗೆ ನಿಲ್ಲಿಸಿದರೆ ನೀವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೀರಿ. ನಾವು ನಿಲ್ಲಿಸುವುದಿಲ್ಲ. ನಾಚಿಕೆಯ ಭಾಗ ಇನ್ನೂ ಬಾಕಿಯಿದೆ.

ಆ ಊರಿನ ನೆಲ ಅಗೆದವರಲ್ಲಿ, ಕೆರೆ ತೋಡಿದವರಲ್ಲಿ, ಗಾರೆ ಹೊತ್ತವರಲ್ಲಿ ಕಪ್ಪು ಜನ ಬಹಳ ಮಂದಿ ಇದ್ದರು. ಆ 885 ಮನೆಗಳಲ್ಲಿ ಒಂದನ್ನೂ ಕಪ್ಪು ಸಂಸಾರಕ್ಕೆ ಕೊಡಲಿಲ್ಲ. ಬಂದ ಸಂಸಾರಗಳನ್ನು ಆರಿಸುವಾಗ ಕ್ರೈಸ್ತರ ಎರಡು ಪಂಗಡಗಳು, ಯೆಹೂದ್ಯರು ವಾಷಿಂಗ್ಟನ್ನಿನಲ್ಲಿ ಎಷ್ಟು ಪಾಲಿದ್ದಾರೋ ಅಷ್ಟೇ ಪಾಲು ಇಲ್ಲೂ ಇರಲೆಂದು ತೂಗಿ ನೋಡಿದರು. ಕಪ್ಪು ಜನರ ವಿಷಯ ಬಂದಾಗ ಆ ತಕ್ಕಡಿಯನ್ನೇ ಎತ್ತಿಟ್ಟರು. ಅವರಿಗಾಗಿ ಪಕ್ಕದಲ್ಲಿ ಬೇರೆಯೇ ವಸತಿ ಮಾಡುವ ಮಾತಿತ್ತು. ಅದೂ ಕಾಗದದಲ್ಲೇ ಉಳಿಯಿತು. ಅತ್ಯಂತ ಬಡವರಿಗೂ ಬಾಗಿಲು ಮುಚ್ಚಿತ್ತು, 800 ಡಾಲರಿನ ಗೆರೆಯನ್ನು ನೆನೆಯಿರಿ. ಗಂಡ ದುಡಿಯುತ್ತಿರುವಾಗ ಹೆಂಡತಿ ಹೊರಗೆ ದುಡಿಯಕೂಡದೆಂಬ ನಿಯಮವೂ ಇತ್ತು. ಸಹಕಾರ, ಸಮಾನತೆ, ಸಂವಿಧಾನದ ಪೀಠಿಕೆ ಗೋಡೆಯ ಮೇಲೆ. ಕಟ್ಟಿದವನು ಗೋಡೆಯ ಆಚೆ.

ಅನ್ಯಾಯ ತಾನಾಗಿ ಕರಗಲಿಲ್ಲ. 1960ರ ದಶಕದ ನಾಗರಿಕ ಹಕ್ಕುಗಳ ಚಳವಳಿ ಬೀದಿಗಿಳಿಯಬೇಕಾಯಿತು. 1968ರಲ್ಲಿ ವಸತಿಯಲ್ಲಿ ಬಣ್ಣಭೇದ ಮಾಡಬಾರದೆಂಬ ಕಾನೂನು ಬರಬೇಕಾಯಿತು. 2020ರ ಜನಗಣತಿಯಲ್ಲಿ ಗ್ರೀನ್‌ಬೆಲ್ಟಿನ ಜನಸಂಖ್ಯೆ 25,000ದ ಹತ್ತಿರ. ಬಹುಪಾಲು ಜನ ಈಗ ಹಳೆಯ ಸಹಕಾರಿ ಬಡಾವಣೆಯ ಹೊರಗೆ, ಆಮೇಲೆ ಎದ್ದ ಕಟ್ಟಡಗಳಲ್ಲಿದ್ದಾರೆ. ಕಪ್ಪು ಜನರ ಪಾಲು ಬಹಳ ದೊಡ್ಡದು. ಆದರೂ ನಗರಸಭೆಗೆ ಮೊದಲ ಕಪ್ಪು ಸದಸ್ಯ ಎಮೆಟ್ ಜೋರ್ಡನ್ ಆರಿಸಿಬಂದದ್ದು 2009ರಲ್ಲಿ, ಊರು ಹುಟ್ಟಿ 72 ವರ್ಷವಾದ ಮೇಲೆ. 2021ರಲ್ಲಿ ಊರಿನ ಮತದಾರರು ಹಿಂದಿನ ಅನ್ಯಾಯಕ್ಕೆ ಯಾವ ರೀತಿ ಪರಿಹಾರ ಕೊಡಬೇಕೆಂದು ವಿಚಾರಿಸಲು 21 ಜನರ ಆಯೋಗ ಬೇಕೆಂದು ಓಟು ಹಾಕಿದರು. ತಡವಾದರೂ ಲೆಕ್ಕದ ಪುಸ್ತಕ ತೆರೆದರು. ಅಷ್ಟರ ಮಟ್ಟಿಗೆ ಮೆಚ್ಚಬೇಕು.

ಈ ಭಾಗವನ್ನು ಹೇಳುವಾಗ ನಾವು ಅಮೆರಿಕದ ಕಡೆ ಬೆರಳು ತೋರಿಸುತ್ತಿಲ್ಲ. ನಮ್ಮ ಚಾಳಿನ ಕೊನೆಯ ಸಾಲಿನಲ್ಲಿ ಯಾರಿದ್ದಾರೆ? ಅವರ ಸಾಲಿಗೆ ನಲ್ಲಿ ಬಂದದ್ದು ಎಲ್ಲರಿಗಿಂತ ಕೊನೆಗೆ ಏಕೆ? ಸಂಘದ ಪಟ್ಟಿ ಬರೆಯಲು ಕೂತಾಗ "ಅವರದು ಆಮೇಲೆ ನೋಡೋಣ" ಎಂದವರು ಈ ಸಭೆಯಲ್ಲೇ ಇದ್ದಾರೆ. ಬದಲಿ ಕಾರ್ಮಿಕರ ಹೆಸರು ಬೇಡವೆಂದವರೂ ಇದ್ದಾರೆ. ಕೋಪ ಮಾಡಿಕೊಳ್ಳಬೇಡಿ. ಆ ದಿನ ಮಾತು ಕೇಳಿಯೂ ಸುಮ್ಮನಿದ್ದವರಲ್ಲಿ ನಾವೂ ಒಬ್ಬರು. ಸುಮ್ಮನಿದ್ದದ್ದು ತಪ್ಪು, ಇಂದು ಒಪ್ಪಿಕೊಳ್ಳುತ್ತೇವೆ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇವೆ. ಹಿಂದೆ ಮೇಷ್ಟರಾಗಿದ್ದ ಊರಿನಲ್ಲಿ ಒಂದು ಬಳಕೆದಾರರ ಸಂಘಕ್ಕೆ ನಾವು ನಡಾವಳಿ ಬರೆಯುತ್ತಿದ್ದೆವು. ಮೊದಲ ಮಹಾಸಭೆಗೆ ಚಾವಡಿ ಹಿಡಿಸದಷ್ಟು ಜನ. ಮೂರನೆಯ ವರ್ಷಕ್ಕೆ ಹನ್ನೊಂದು ಜನ. ಐದನೆಯ ವರ್ಷ ನಾವು ಮನೆಯಲ್ಲೇ ಕೂತು ನಡಾವಳಿ ಬರೆದು, ಸಹಿಗೆ ಪುಸ್ತಕವನ್ನು ಮನೆಮನೆಗೆ ಕಳಿಸಿದೆವು. ಆರನೆಯ ವರ್ಷ ಸಂಘ ಇರಲಿಲ್ಲ. ಕದ್ದವರು ಒಬ್ಬಿಬ್ಬರು, ಬಾಗಿಲು ತೆರೆದಿಟ್ಟವರು ನಾವೆಲ್ಲರೂ.

ಆದ್ದರಿಂದ ಹಿರಿಯರಿಗೆ ನಮ್ಮ ಉತ್ತರ ಇದು. ಮಾಲೀಕರು ಒಬ್ಬೊಬ್ಬರನ್ನೇ ಕರೆದರೆ ಒಬ್ಬೊಬ್ಬರೇ ಹೋಗಬೇಡಿ. ಯಾವ ಕಾಗದಕ್ಕೂ ಒಂಟಿಯಾಗಿ ಸಹಿ, ಹೆಬ್ಬೆಟ್ಟು ಹಾಕಬೇಡಿ. ಗ್ರೀನ್‌ಬೆಲ್ಟಿನವರಿಗೆ ಕೊಳ್ಳುವ ಅವಕಾಶ ಬಂದದ್ದು ಸಂಘ ಕಟ್ಟಿದ ಮೇಲೆ, ಮೊದಲಲ್ಲ. ಅವರಿಗೆ ಸರಕಾರ ಎದುರಿತ್ತು, ನಮಗೆ ಗಿರಣಿ ಮಾಲೀಕರಿದ್ದಾರೆ; ಕೆಲಸ ಇನ್ನೂ ಕಷ್ಟ ಎಂಬುದನ್ನು ಮುಚ್ಚಿಡುವುದಿಲ್ಲ. ಸೋಲಬಹುದು. ಆದರೆ ಬಿಡಿಬಿಡಿಯಾಗಿ ಹೋದರೆ ಸೋಲುವುದು ಖಂಡಿತ.

ಬರುವ ಭಾನುವಾರ ಮೊದಲ ಪಾಳಿ ಬಿಟ್ಟ ಮೇಲೆ ಇದೇ ಜಾಗದಲ್ಲಿ ಸೇರೋಣ. ವಸತಿ ಸಂಘದ ಪಟ್ಟಿಯನ್ನು ಅಂದು ಬರೆಯುತ್ತೇವೆ. ಹೆಂಗಸರೂ ಸದಸ್ಯರಾಗಿಯೇ ಬರಬೇಕು. ಗಂಡನ ಹೆಸರಿನ ಕೆಳಗೆ ಅಲ್ಲ, ತಮ್ಮ ಹೆಸರಿನಲ್ಲಿ. ಪಟ್ಟಿಯನ್ನು ಈ ಸಲ ಮುಂದಿನ ಸಾಲಿನಿಂದ ಬರೆಯುವುದಿಲ್ಲ. ಚಾಳಿನ ಕೊನೆಯ ಸಾಲಿನ ಕೊನೆಯ ಮನೆಯಿಂದ ಶುರು ಮಾಡುತ್ತೇವೆ. ಪುಸ್ತಕ, ಪೆನ್ನು ನಾವು ತರುತ್ತೇವೆ. ನೀವು ಬನ್ನಿ.